ಉದ್ಯಾನದ ಚಿತ್ರದಲ್ಲಿ ಜನರನ್ನು ತರುವುದು: ಒಂದು ಅಭ್ಯಾಸ ಪಾಠ

ನಿಸರ್ಗ ಚಿತ್ರ ಬರೆಯಿರಿ ಎಂದರೆ ಒಂಬತ್ತನೇ ತರಗತಿಯ ಮಕ್ಕಳು ಮರ, ದಾರಿ, ಆಕಾಶವನ್ನು ಧೈರ್ಯವಾಗಿ ಬರೆಯುತ್ತಾರೆ. ಜನರನ್ನು ಮಾತ್ರ ಬಿಟ್ಟುಬಿಡುತ್ತಾರೆ. “ಮುಖ ಬರೆಯೋಕೆ ಬರಲ್ಲ ಮಿಸ್” ಎನ್ನುತ್ತಾರೆ. ನನ್ನ ಇಂಪ್ರೆಷನಿಸ್ಟ್ ಶೈಲಿಯ ಪಾಠವನ್ನು ಈ ಅಂಜಿಕೆಯಿಂದಲೇ ಆರಂಭಿಸಿದೆ.

ಕ್ಲೋದ್ ಮೊನೆ 1878ರಲ್ಲಿ ಬರೆದ, ಪ್ಯಾರಿಸ್ಸಿನ ಮೊನ್ಸೋ ಉದ್ಯಾನದ ಚಿತ್ರದ ಮುದ್ರಿತ ಪ್ರತಿಯನ್ನು ತೋರಿಸಿದೆ. ಮರದ ನೆರಳಿನಲ್ಲಿ ಹೆಂಗಸರು, ಮಕ್ಕಳು ಇದ್ದಾರೆ. ಯಾರ ಕಣ್ಣು ಮೂಗೂ ಕಾಣುವುದಿಲ್ಲ. “ಮತ್ತೆ ಅದು ಹೆಂಗಸು ಅಂತ ಹೇಗೆ ಗೊತ್ತಾಯಿತು?” ಎಂದು ಕೇಳಿದೆ. ಉಡುಪಿನ ಆಕಾರ, ಕುಳಿತ ಭಂಗಿ, ಪಕ್ಕದ ಪುಟ್ಟ ಬಣ್ಣದ ಗುರುತು ಮಗುವೇ ಇರಬೇಕು ಎಂಬ ಊಹೆ, ಎಲ್ಲವೂ ಮಕ್ಕಳ ಬಾಯಿಂದಲೇ ಬಂದವು. 1874ರ ಪ್ರದರ್ಶನದಲ್ಲಿ ಮೊನೆಯ ಬೀದಿಚಿತ್ರದ ಜನರನ್ನು ವಿಮರ್ಶಕನೊಬ್ಬ ಗೇಲಿ ಮಾಡಿದ್ದನೆಂದಾಗ ಹಿಂದಿನ ಬೆಂಚಿನವರೂ ನಕ್ಕರು.

ಪ್ರಾತ್ಯಕ್ಷಿಕೆಗೆ ಪೋಸ್ಟರ್ ಬಣ್ಣ, ಚಪ್ಪಟೆ ಕುಂಚ. ಕಪ್ಪು ಬಣ್ಣವನ್ನು ಎತ್ತಿಟ್ಟೆ. ನೆರಳಿಗೆ ನೀಲಿ, ನೇರಳೆ, ಹಸಿರು ಸಾಕು. ಮೊದಲು ಕಪ್ಪುಹಲಗೆಯ ಮೇಲೆ ಕಣ್ಣಿನ ಮಟ್ಟದ ಗೆರೆ ಎಳೆದೆ. ಸಮತಟ್ಟಾದ ನೆಲದಲ್ಲಿ ನಾವು ನಿಂತು ನೋಡಿದರೆ, ನಿಂತಿರುವ ದೊಡ್ಡವರು ಹತ್ತಿರವಿರಲಿ ದೂರವಿರಲಿ, ಎಲ್ಲರ ತಲೆಯೂ ಸುಮಾರಾಗಿ ಆ ಗೆರೆಯಲ್ಲೇ ಬರುತ್ತದೆ. ಪಾದ ಮಾತ್ರ ಮೇಲೆ ಕೆಳಗೆ ಆಗುತ್ತದೆ. ಮಕ್ಕಳ ತಲೆ, ಕುಳಿತವರ ತಲೆ ಗೆರೆಯ ಕೆಳಗೆ. (ಸಂತೆಯಲ್ಲಿ ನಿಂತು ನೋಡಿ ಬನ್ನಿ ಎಂದೆ.) ಇದನ್ನು ತಿಳಿಸದೆ ಕುಂಚ ಕೊಟ್ಟರೆ ಜನ ಗಾಳಿಯಲ್ಲಿ ತೇಲುತ್ತಾರೆ.

ಎಲೆಗಳ ಬಣ್ಣ ಹಾಕುತ್ತಿರುವಾಗಲೇ ಜನರನ್ನೂ ಇಡಬೇಕು, ಕೊನೆಗೆ ಅಂಟಿಸಬಾರದು. ಉಡುಪಿಗೆ ಒಂದು ಎಳೆತ, ತಲೆಗೆ ಒಂದು ಚುಕ್ಕೆ. ಪ್ರತಿ ಆಕೃತಿಗೂ ಒಂದೇ ಪ್ರಶ್ನೆ: ಹಿಂದಿರುವುದಕ್ಕಿಂತ ಇದು ತಿಳಿಯೋ, ಗಾಢವೋ? ಕೊನೆಯಲ್ಲಿ ದಾರಿಯ ಮೇಲೆ ಬಿದ್ದ ಬಿಸಿಲಿನ ಹಳದಿಯನ್ನೇ ಅವರ ಹೆಗಲಿಗೂ ತಾಗಿಸಬೇಕು.

ಚರ್ಚೆ ಎದ್ದದ್ದು ಮೌಲ್ಯಮಾಪನದಲ್ಲಿ. ವೀಕ್ಷಣಾ ನಮೂನೆಯಲ್ಲಿ “ಮಾನವಾಕೃತಿಯ ಸ್ಪಷ್ಟತೆ” ಎಂಬ ಅಂಶವಿತ್ತು. ಅದುವರೆಗೆ ಜನರನ್ನೇ ಬರೆಯದ ಹುಡುಗಿಯೊಬ್ಬಳು ಐದು ಜನರನ್ನು ಬರೆದಿದ್ದಳು. ಮುಖವಿಲ್ಲವೆಂದು ಸಹಪ್ರಶಿಕ್ಷಣಾರ್ಥಿ ಆ ಅಂಶಕ್ಕೆ ಅಂಕವನ್ನೇ ಕೊಡಲಿಲ್ಲ. ನಾನು ಒಪ್ಪಲಿಲ್ಲ. ಹಾಳೆಯನ್ನು ಗೋಡೆಗೆ ಅಂಟಿಸಿ, ಕೊನೆಯ ಬೆಂಚಿನಿಂದ ನೋಡಲು ಕೇಳಿಕೊಂಡೆ. ಅವರು ಐವರನ್ನೂ ಎಣಿಸಿದರು. ಮುಂದಿನ ಪಾಠ ಯೋಜನೆಯಲ್ಲಿ ಆ ಅಂಶವನ್ನು “ದೂರದಿಂದ ಆಕೃತಿ ಗುರುತಿಸಬಹುದೇ” ಎಂದು ಬದಲಿಸಿದ್ದೇನೆ.