ಹಲಗೆ ಕೊರೆಯುವ ಮುನ್ನ

ಹೊಸ ಮಣೆಯಾಟವೊಂದನ್ನು ಕಲ್ಪಿಸಹೊರಟ ಮಿತ್ರರೇ, ಬಣ್ಣದ ಹಲಗೆಗೂ ಕಾಯಿಗಳ ಅಲಂಕಾರಕ್ಕೂ ಮೊದಲೇ ಮನಸೋಲದೆ, ಆಡುವವನನ್ನು ಎಂತಹ ಇಕ್ಕಟ್ಟಿನಲ್ಲಿ ನಿಲ್ಲಿಸಬೇಕೆಂಬ ಒಂದೇ ಪ್ರಶ್ನೆಯನ್ನು ಕೆಲಕಾಲ ಧ್ಯಾನಿಸಿರಿ. ನಮ್ಮ ಹಿರಿಯರ ಹುಲಿ-ಕುರಿಯಾಟವನ್ನೇ ನೋಡಿರಿ: 23 ಮನೆಗಳ ಮಣೆಯ ಮೇಲೆ 3 ಹುಲಿಗಳು ಹಾರಿ ಕೊಲ್ಲಬಲ್ಲವು, 15 ಕುರಿಗಳು ಕೊಲ್ಲಲಾರವಾದರೂ ಒತ್ತಾಗಿ ನಿಂತು ಹುಲಿಯ ದಾರಿಯನ್ನೇ ಕಟ್ಟಬಲ್ಲವು. ಬಲವನ್ನು ಸಂಖ್ಯೆಯಿಂದ ತೂಗುವ ಈ ಅಸಮತೆಯೇ ಆಟದ ಬೀಜ, ಮಿಕ್ಕುದೆಲ್ಲ ಅದರ ವಿಸ್ತಾರವೆಂದು ನನ್ನ ನಂಬುಗೆ. ಅಂತಹ ಬೀಜ ದೊರೆತೊಡನೆ, ಒರಸಲು ಸಂಕಟವಾಗದಂತೆ ನೆಲದ ಮೇಲೆ ಇದ್ದಿಲಿನಿಂದಲೇ ಗೆರೆಯೆಳೆದು, ಹುಣಿಸೆಬೀಜಗಳನ್ನು ಹೂಡಿ, ಎರಡೂ ಪಕ್ಷವನ್ನು ನೀವೊಬ್ಬರೇ ಆಡಿರಿ. ಒಂದು ಕಾಯಿಯನ್ನು ಕಳೆದು, ಒಂದು ಗೆರೆಯನ್ನು ಅಳಿಸಿ, ಮತ್ತೆ ಆಡಿರಿ. ಆಮೇಲೆ ನೆರೆಮನೆಯ ಹುಡುಗಿಯನ್ನು ಕರೆದು, ನಿಯಮವನ್ನಷ್ಟೇ ಹೇಳಿ, ಅವಳ ಬೆರಳು ಯಾವ ಮನೆಯ ಮೇಲೆ ತಡೆದು ನಿಲ್ಲುವುದೋ ಮೌನವಾಗಿ ನೋಡಿರಿ.