ಕಾಮನ ಹುಣ್ಣಿಮೆ: ಪ್ರೀತಿಯ ದೇವರ ಹಬ್ಬ



ಫೆಬ್ರುವರಿ ತಿಂಗಳು ಬಂತೆಂದರೆ ಬೀದರ ಪೇಟೆಯ ಅಂಗಡಿಗಳಲ್ಲಿ ಕೆಂಪು ಹೃದಯದ ಚಿತ್ರಗಳು ಕಾಣುತ್ತವೆ. 14ನೆಯ ತಾರೀಖು ಪ್ರೇಮಿಗಳ ದಿನ. "ಅದು ನಮ್ಮ ಹಬ್ಬ ಅಲ್ಲ, ನಿಮಗ್ಯಾಕ ಬೇಕು?" ಅಂತ ಮನೆಯಲ್ಲಿ ಹಿರಿಯರು ಬೈಯುತ್ತಾರೆ. ಆದರೆ ಪ್ರೀತಿಯ ದೇವರಿಗೆ ನಮ್ಮಲ್ಲಿಯೂ ಒಂದು ಹಬ್ಬ ಇದೆ. ಅದನ್ನು ಹಿರಿಯರೂ ಕಿರಿಯರೂ ಕೂಡಿಯೇ ಮಾಡುತ್ತೇವೆ. ಅದೇ ಹೋಳಿ ಹುಣ್ಣಿಮೆ. ಫಾಲ್ಗುಣ ಮಾಸದ ಹುಣ್ಣಿಮೆಗೆ ಬರುವ ಈ ಹಬ್ಬಕ್ಕೆ ಕಾಮನ ಹುಣ್ಣಿಮೆ ಎಂಬ ಹೆಸರೂ ಇದೆ. ಬಣ್ಣ ಆಡುವುದು ಎಲ್ಲರಿಗೂ ಗೊತ್ತು, ಕಾಮನನ್ನು ಏಕೆ ಸುಡುತ್ತೇವೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಅದಕ್ಕೆ ಈ ಲೇಖನ ಬರೆದಿದ್ದೇನೆ.

ಕಾಮ ಎಂದರೆ ಯಾರು?

ಕಾಮನಿಗೆ ಮನ್ಮಥ, ಮದನ, ಸ್ಮರ ಎಂಬ ಹೆಸರುಗಳೂ ಇವೆ. ಅವನ ಹೆಂಡತಿ ರತಿ, ಗೆಳೆಯ ವಸಂತ. ಅವನ ಬಿಲ್ಲು ಕಬ್ಬಿನದು, ಹೆದೆ ದುಂಬಿಗಳ ಸಾಲು. ಬಾಣಗಳು ಐದು: ತಾವರೆ, ಅಶೋಕ, ಮಾವಿನ ಹೂ, ಮಲ್ಲಿಗೆ ಮತ್ತು ನೈದಿಲೆ. ಬಾಣ ತಾಗಿದವರ ಮನಸ್ಸಿನಲ್ಲಿ ಪ್ರೀತಿ ಹುಟ್ಟುತ್ತದೆ ಎಂದು ಪುರಾಣ ಹೇಳುತ್ತದೆ. ಹೋಳಿಯ ಹೊತ್ತಿಗೆ ನಮ್ಮ ಹೊಲಗಳಲ್ಲಿ ಮಾವು ಹೂ ಬಿಟ್ಟಿರುತ್ತದೆ, ಗಾಣಕ್ಕೆ ಹೋಗುವ ಕಬ್ಬು ಇರುತ್ತದೆ. ಕಾಮನ ಆಯುಧಗಳು ನಮ್ಮೂರ ಸುತ್ತಲೇ ಬೆಳೆಯುತ್ತವೆ!

ಸುಟ್ಟದ್ದು ಏಕೆ?

ತಾರಕ ಎಂಬ ರಾಕ್ಷಸ ದೇವತೆಗಳನ್ನು ಬಹಳ ಕಾಡುತ್ತಿದ್ದ. ಶಿವನ ಮಗನಿಂದ ಮಾತ್ರ ಅವನಿಗೆ ಸಾವು. ಆದರೆ ಶಿವ ತಪಸ್ಸಿಗೆ ಕುಳಿತಿದ್ದ. ಪಾರ್ವತಿ ದಿನಾಲು ಬಂದು ಹೂ ಏರಿಸಿ ಸೇವೆ ಮಾಡಿದರೂ ಕಣ್ಣು ತೆರೆಯಲಿಲ್ಲ. ಆಗ ಇಂದ್ರ ಕಾಮನನ್ನು ಕಳಿಸಿದ. ಕಾಮ ಬಾಣ ಹೂಡಿದ. ಶಿವ ಸಿಟ್ಟಿನಿಂದ ಮೂರನೆಯ ಕಣ್ಣು ತೆರೆದ. ಕಾಮ ಅಲ್ಲಿಯೇ ಬೂದಿಯಾದ.

ರತಿ ಗೋಳಾಡಿ ಅತ್ತಳು. ಮುಂದೆ ಕಾಮನಿಗೆ ಜೀವ ಬಂತು, ಆದರೆ ದೇಹ ಇರಲಿಲ್ಲ. ಅದಕ್ಕೇ ಅವನಿಗೆ 'ಅನಂಗ' ಎಂದು ಹೆಸರು. ಅನಂಗ ಎಂದರೆ ಅಂಗ ಇಲ್ಲದವನು. ಪ್ರೀತಿ ಕಣ್ಣಿಗೆ ಕಾಣುವುದಿಲ್ಲ, ಆದರೆ ಇರುತ್ತದೆ ಎಂದು ಇದರ ಅರ್ಥ.

ಇನ್ನು ಮುಖ್ಯವಾದ ಮಾತು ಕೇಳಿರಿ. ಬಾಣದಿಂದ ಆಗದ ಕೆಲಸ ಹೇಗೆ ಆಯಿತು? ಪಾರ್ವತಿ ತಾನೇ ಕಠಿಣ ತಪಸ್ಸು ಮಾಡಿದಳು. ಶಿವ ವೇಷ ಮರೆಸಿಕೊಂಡು ಅವಳಿದ್ದಲ್ಲಿಗೆ ಬಂದು, ಅವಳ ಮನಸ್ಸು ಪರೀಕ್ಷೆ ಮಾಡಿ, ನಂತರ ಮದುವೆಗೆ ಒಪ್ಪಿದ. ಕಾಳಿದಾಸ ಈ ಕಥೆಯನ್ನು ಸಂಸ್ಕೃತದ 'ಕುಮಾರಸಂಭವ'ದಲ್ಲಿ ಬರೆದಿದ್ದಾನೆ. ಕನ್ನಡದಲ್ಲಿ ಹರಿಹರ ಕವಿ 'ಗಿರಿಜಾಕಲ್ಯಾಣ'ದಲ್ಲಿ ಬರೆದಿದ್ದಾನೆ. ಕೇಳದೆ ಬಿಟ್ಟ ಬಾಣ ಸುಟ್ಟುಹೋಯಿತು, ಕಾಯ್ದ ಪ್ರೀತಿ ಗೆದ್ದಿತು.

ನಮ್ಮ ಕಡೆಯ ಆಚರಣೆ

ಹುಡುಗರು ಮನೆಮನೆಗೆ ಹೋಗಿ ಕಟ್ಟಿಗೆ, ಕುಳ್ಳು ಬೇಡುತ್ತಾರೆ. ಕೊಡದಿದ್ದರೆ ರಾತ್ರಿ ಕದ್ದು ತರುತ್ತಾರೆ. ಆ ಒಂದು ದಿನ ಕಳವಿಗೆ ಯಾರೂ ಬೈಯುವುದಿಲ್ಲ. ಹುಣ್ಣಿಮೆಯ ರಾತ್ರಿ ಕಾಮನನ್ನು ಸುಟ್ಟು, ಹಲಗೆ ಬಾರಿಸಿ, ಬಾಯಿಗೆ ಕೈ ಹಚ್ಚಿ ಹೊಯ್ಕೊಳ್ಳುತ್ತಾರೆ. ಕಾಮ ಸತ್ತನೆಂದು ಅತ್ತಂತೆ ಅದು. ಎಲ್ಲರೂ ನಗುತ್ತಲೇ ಅಳುತ್ತಾರೆ! ಮನೆಯಲ್ಲಿ ಹೂರಣದ ಹೋಳಿಗೆ. ಸಣ್ಣ ಮಕ್ಕಳ ಕೊರಳಿಗೆ ಸಕ್ಕರೆ ಸರ. ಮರುದಿನ ಓಕುಳಿ.

ತಾಂಡಾಗಳಲ್ಲಿ ಲಂಬಾಣಿ ಜನರಿಗೆ ಇದು ಬಹಳ ದೊಡ್ಡ ಹಬ್ಬ. ಲೇಂಗಿ ಎಂಬ ಹಾಡು ಹಾಡುತ್ತ ಕುಣಿಯುತ್ತಾರೆ. ಆ ವರ್ಷ ಹುಟ್ಟಿದ ಕೂಸಿಗೆ 'ಧೂಂಡ್' ಎಂಬ ಶಾಸ್ತ್ರ ಮಾಡುತ್ತಾರೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ರಾಮಲಿಂಗ ಕಾಮಣ್ಣನನ್ನು ಕೂಡಿಸುತ್ತಾರೆ, ಅಲ್ಲಿಗೆ ದೂರದೂರದಿಂದ ಜನ ಹರಕೆ ಹೊತ್ತು ಬರುತ್ತಾರೆ. ಬಾಗಲಕೋಟೆಯ ಹೋಳಿಯೂ ಹೆಸರಾದದ್ದು. ಉತ್ತರ ಭಾರತದಲ್ಲಿ ಇದೇ ಬೆಂಕಿಗೆ ಬೇರೆ ಕಥೆ ಹೇಳುತ್ತಾರೆ. ಅಲ್ಲಿ ಸುಡುವುದು ಪ್ರಹ್ಲಾದನ ಅತ್ತೆ ಹೋಳಿಕೆಯನ್ನು.

ಬೀದರದ ದಮಯಂತಿ

ನಮ್ಮ ಬೀದರವೇ ಹಳೆಯ ಕಾಲದ ವಿದರ್ಭ, ದಮಯಂತಿಯ ತವರೂರು ಎಂದು ಇಲ್ಲಿಯ ಜನ ಹೇಳುತ್ತ ಬಂದಿದ್ದಾರೆ. ದಖ್ಖನಿನ ಇತಿಹಾಸ ಬರೆದ ಫಿರಿಶ್ತಾ ಕೂಡ ಈ ಮಾತು ಬರೆದಿದ್ದಾನೆ. ಇಂದಿನ ಇತಿಹಾಸಕಾರರು ಮಾತ್ರ ವಿದರ್ಭ ಎಂದರೆ ಮಹಾರಾಷ್ಟ್ರದ ನಾಗಪುರ, ಅಮರಾವತಿ ಕಡೆಯ ಸೀಮೆ ಎನ್ನುತ್ತಾರೆ. ಇರಲಿ, ಕಥೆ ನಮ್ಮದೆಂದು ಜನ ಹಿಡಿದುಕೊಂಡಿದ್ದಾರೆ.

ದಮಯಂತಿ ಹಂಸದ ಬಾಯಿಂದ ನಳನ ಗುಣ ಕೇಳಿ ಅವನನ್ನು ಮೆಚ್ಚಿದಳು. ಸ್ವಯಂವರಕ್ಕೆ ಇಂದ್ರ, ಅಗ್ನಿ, ವರುಣ, ಯಮ ಈ ನಾಲ್ವರೂ ಬಂದರು. ನಾಲ್ವರೂ ನಳನ ರೂಪವನ್ನೇ ತಾಳಿ ಕುಳಿತರು. ಒಟ್ಟು ಐದು ನಳರು! ಅವಳು ಗಾಬರಿಯಾದರೂ ಧೈರ್ಯ ಬಿಡದೆ ನೋಡಿದಳು. ನಾಲ್ವರಿಗೆ ಬೆವರಿಲ್ಲ, ರೆಪ್ಪೆ ಬಡಿಯುವುದಿಲ್ಲ, ಕಾಲು ನೆಲಕ್ಕೆ ತಾಗಿಲ್ಲ. ಒಬ್ಬನ ಮೈಮೇಲೆ ಧೂಳು ಇದೆ, ಬೆವರು ಇದೆ, ಹೂಮಾಲೆ ಬಾಡಿದೆ. ಅವನೇ ಮನುಷ್ಯ, ಅವನೇ ನಳ. ದೇವತೆಗಳನ್ನು ಬಿಟ್ಟು ಬೆವರುವ ಮನುಷ್ಯನಿಗೆ ಮಾಲೆ ಹಾಕಿದಳು. ದೇವತೆಗಳು ಸಿಟ್ಟಾಗಲಿಲ್ಲ, ವರ ಕೊಟ್ಟು ಹೋದರು. ಕನಕದಾಸರ 'ನಳಚರಿತ್ರೆ' ಈ ಇಬ್ಬರದೇ ಕಥೆ.

ಫೆಬ್ರುವರಿ 14 ಎಲ್ಲಿಂದ ಬಂತು?

ರೋಮ್ ರಾಜ್ಯದಲ್ಲಿ ಮೂರನೆಯ ಶತಮಾನದಲ್ಲಿ ವ್ಯಾಲೆಂಟೈನ್ ಎಂಬ ಕ್ರೈಸ್ತ ಗುರು ಇದ್ದನೆಂದೂ, ಧರ್ಮಕ್ಕಾಗಿ ಅವನನ್ನು ಕೊಂದರೆಂದೂ ಹೇಳುತ್ತಾರೆ. ಕ್ರೈಸ್ತರು ಫೆಬ್ರುವರಿ 14ರಂದು ಅವನನ್ನು ನೆನೆಯುತ್ತ ಬಂದರು. ಆ ದಿನಕ್ಕೂ ಪ್ರೇಮಕ್ಕೂ ನಂಟು ಬೆಳೆದದ್ದು ಸಾವಿರ ವರ್ಷದ ನಂತರ. 14ನೆಯ ಶತಮಾನದಲ್ಲಿ ಚಾಸರ್ ಎಂಬ ಇಂಗ್ಲಿಷ್ ಕವಿ ಒಂದು ಕಾವ್ಯ ಬರೆದ. ಅದರಲ್ಲಿ ವ್ಯಾಲೆಂಟೈನ್ ದಿನ ಹಕ್ಕಿಗಳೆಲ್ಲ ಜೋಡಿ ಆರಿಸಲು ಸಭೆ ಸೇರುತ್ತವೆ. ಮೂರು ಗಂಡು ಹದ್ದುಗಳು ಒಂದೇ ಹೆಣ್ಣು ಹದ್ದನ್ನು ಕೇಳುತ್ತವೆ. ಹೆಣ್ಣು ಹದ್ದು "ನನಗೆ ಒಂದು ವರ್ಷ ಯೋಚನೆಗೆ ಬೇಕು" ಎನ್ನುತ್ತದೆ. ಪ್ರಕೃತಿ ದೇವಿ ಆಗಲಿ ಎನ್ನುತ್ತಾಳೆ, ಮೂವರೂ ಕಾಯಬೇಕಾಗುತ್ತದೆ. ನಮ್ಮ ದೇಶದ ಊರುಗಳಿಗೆ ಈ ದಿನ 1990ರ ನಂತರ ಶುಭಾಶಯ ಪತ್ರ, ಟಿ.ವಿ.ಗಳ ಮೂಲಕ ಹೆಚ್ಚಾಗಿ ಬಂತು.

ನಾನು ಹೇಳುವುದು

ಮೂರೂ ಕಥೆ ಬೇರೆ ಬೇರೆ ಕಾಲದವು, ಬೇರೆ ಬೇರೆ ದೇಶದವು. ಆದರೆ ಮೂರರಲ್ಲಿಯೂ ಒಂದೇ ಮಾತು ಇದೆ. ಪ್ರೀತಿ ಎಂದರೆ ಎದುರಿನವರ ಒಪ್ಪಿಗೆ ಕೇಳುವುದು, ಉತ್ತರಕ್ಕೆ ಕಾಯುವುದು.

ಈಗ ನಮ್ಮ ಹೋಳಿ ನೋಡಿರಿ. ಓಕುಳಿಯ ದಿನ ನಾನು ಮತ್ತು ನನ್ನ ಗೆಳತಿಯರು ಮಧ್ಯಾಹ್ನದ ತನಕ ಬಾಗಿಲು ಹಾಕಿಕೊಂಡು ಒಳಗೆ ಕೂಡುತ್ತೇವೆ. ನೀರಿಗೆ ಸಹ ಹೊರಗೆ ಹೋಗುವ ಹಾಗಿಲ್ಲ. ಹೊರಗೆ ಹೊಲಸು ಮಾತು, ಕೂಗಾಟ. ಬೇಡ ಎಂದರೂ ಹಿಡಿದು ಬಣ್ಣ ಬಳಿಯುತ್ತಾರೆ. ಕೇಳಿದರೆ "ಬುರಾ ನ ಮಾನೋ, ಹೋಳಿ ಹೈ" ಅಂತಾರ. ಪ್ರೀತಿಯ ದೇವರ ಹಬ್ಬದ ದಿನ ಅರ್ಧ ಊರು ಅಂಜಿ ಒಳಗೆ ಕೂತರೆ ಅದು ಯಾರ ಹಬ್ಬ? ನಮಗೂ ಬಣ್ಣ ಆಡಬೇಕು ಅನಸ್ತದ. ಕೇಳಿ ಹಚ್ಚಿದರೆ ನಾವೂ ಕೆನ್ನೆ ಒಡ್ಡುತ್ತೇವೆ, ನಾವೂ ಹಚ್ಚುತ್ತೇವೆ.

ಅದಕ್ಕೆ ಈ ವರ್ಷ ನಮ್ಮ ಶಾಲೆಯವರಾದರೂ ಮೂರು ನಿಯಮ ಇಟ್ಟುಕೊಳ್ಳೋಣ.

1. "ಹಚ್ಚಲೇನು?" ಎಂದು ಕೇಳಿ ಬಣ್ಣ ಹಚ್ಚಬೇಕು. ಬೇಡ ಎಂದರೆ ಅಲ್ಲಿಗೆ ಬಿಡಬೇಕು.
2. ಆಯಿಲ್ ಪೇಂಟ್, ವಾರ್ನಿಶ್, ಕೆಸರು ಬೇಡ. ಮುತ್ತುಗದ ಮರ ಈಗ ಕೆಂಪಗೆ ಹೂ ಬಿಟ್ಟಿರುತ್ತದೆ. ಉದುರಿದ ಹೂ ಆರಿಸಿ ತಂದು ನೀರಲ್ಲಿ ಕುದಿಸಿ, ರಾತ್ರಿ ಇಟ್ಟು, ಬೆಳಿಗ್ಗೆ ಸೋಸಿದರೆ ಚೆಂದ ಕೇಸರಿ ಬಣ್ಣ ಬರುತ್ತದೆ. ರೊಕ್ಕ ಬೇಡ, ಚರ್ಮ ಉರಿಯುವುದಿಲ್ಲ.
3. ಹಸಿ ಮರ ಕಡಿಯಬಾರದು. ಒಣ ಕಟ್ಟಿಗೆ, ಕುಳ್ಳು ಸಾಕು. ಬಡವರ ಮನೆಯ ಬಾಗಿಲು, ನೊಗ, ಬಂಡಿಯ ಸಾಮಾನು ಕದಿಯಬಾರದು.

ಸುಡುವುದಾದರೆ ಕೇಳದೆ ಬಾಣ ಬಿಡುವ ಬುದ್ಧಿಯನ್ನು ಸುಡೋಣ. ಹೋಳಿಗೆ ಎಲ್ಲರೂ ಕೂಡಿ ತಿನ್ನೋಣ.

ಉತ್ತರ ಹೇಳಿರಿ:
1. ಕಾಮನಿಗೆ ಅನಂಗ ಎಂಬ ಹೆಸರು ಏಕೆ ಬಂತು?
2. ದಮಯಂತಿ ನಿಜವಾದ ನಳನನ್ನು ಹೇಗೆ ಗುರುತಿಸಿದಳು?
3. ಹೆಣ್ಣು ಹದ್ದು ಎಷ್ಟು ಕಾಲ ಕೇಳಿತು?

— 9ನೆಯ ತರಗತಿಯ ವಿದ್ಯಾರ್ಥಿನಿ, ಜನವಾಡ