ಸೋಯಾ ಒಗ್ಗದವರಿಗೆ ತಕ್ಕ ಮೇಯೊನೇಸು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ, ಪ್ರತಿದಿನವೂ ಬೆಳಗ್ಗೆ ಮಕ್ಕಳ ಊಟದ ಡಬ್ಬಿಯನ್ನು ತುಂಬುವ ಕಾರ್ಯದಲ್ಲಿ ತೊಡಗಿರುವರು. ಇಡ್ಲಿ, ಚಿತ್ರಾನ್ನಗಳಿದ್ದ ಡಬ್ಬಿಯಲ್ಲಿ ಬ್ರೆಡ್ಡಿನ ಎರಡು ಹೋಳುಗಳೂ ಅವುಗಳ ನಡುವೆ ಬೆಣ್ಣೆಯಂತೆ ಬಿಳುಪಾದ ಮೇಯೊನೇಸೂ ಈಗ ಸ್ಥಳ ಪಡೆದಿವೆ. ಬಟವಾಡಿಯಲ್ಲಿ ಬಿ. ಎಚ್. ರಸ್ತೆಯ ಬೇಕರಿಗೆ ಹೋದ ಮಗುವು ಅದನ್ನು ಹೆಸರು ಹಿಡಿದೇ ಕೇಳುವುದು. ಹೆಚ್ಚಿನವರಿಗೆ ಇದು ರುಚಿಯ ಮಾತು ಮಾತ್ರ. ಆದರೆ ಸೋಯಾ ಅವರೆಯು ಮೈಗೆ ಒಗ್ಗದ ಮಗುವಿಗೆ ಅದೇ ಒಂದು ಚಮಚವು ತುಟಿ ಊದುವುದಕ್ಕೂ, ಮೈಯೆಲ್ಲ ದದ್ದು ಏಳುವುದಕ್ಕೂ, ವಾಂತಿಗೂ, ಕೆಲವು ವೇಳೆ ಉಸಿರು ಕಟ್ಟಿ ಪ್ರಾಣಕ್ಕೆ ಅಪಾಯವಾಗುವುದಕ್ಕೂ ಕಾರಣವಾದೀತು. ಆದುದರಿಂದ ಈ ಪದಾರ್ಥದೊಳಗೆ ಸೋಯಾ ಹೇಗೆ ಸೇರುವುದು, ಅದಿಲ್ಲದೆ ಮಾಡುವುದು ಹೇಗೆ ಎಂಬುದನ್ನು ನಾವು ಇಲ್ಲಿ ವಿಚಾರಿಸೋಣ.

ಎಣ್ಣೆಯೂ ನೀರೂ ಕೂಡುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರಷ್ಟೆ. ಆದರೆ ಮೊಟ್ಟೆಯ ಹಳದಿಯಲ್ಲಿ ಲೆಸಿಥಿನ್ ಎಂಬ ವಸ್ತುವುಂಟು. ಅದರ ಕಣದ ಒಂದು ತುದಿಯು ನೀರನ್ನು ಹಿಡಿಯುವುದು, ಮತ್ತೊಂದು ತುದಿಯು ಎಣ್ಣೆಯನ್ನು ಹಿಡಿಯುವುದು. ಹಳದಿಗೆ ತುಸು ನಿಂಬೆರಸವನ್ನೋ ವಿನಿಗರನ್ನೋ ಹಾಕಿ, ಎಣ್ಣೆಯನ್ನು ತೊಟ್ಟುತೊಟ್ಟಾಗಿ ಬಿಡುತ್ತಾ ಕಡೆದರೆ, ಎಣ್ಣೆಯು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಒಡೆದು ನೀರಿನ ಅಂಶದಲ್ಲಿ ತೇಲಿ ನಿಲ್ಲುವುದು. ಮೇಯೊನೇಸೆಂದರೆ ಇಷ್ಟೇ. ಮೂಲದಲ್ಲಿ ಸೋಯಾಕ್ಕೆ ಇದರಲ್ಲಿ ಸ್ಥಳವೇ ಇಲ್ಲ.

ಹಾಗಾದರೆ ಅದು ಬಂದುದು ಎಲ್ಲಿಂದ? ಎರಡು ಬಾಗಿಲುಗಳಿಂದ. ಅಂಗಡಿಯ ಮೇಯೊನೇಸಿನಲ್ಲಿ ಎಣ್ಣೆಯದೇ ದೊಡ್ಡ ಪಾಲು. ಆ ಎಣ್ಣೆಯು ಬಹಳ ಸಾರಿ ಸೋಯಾ ಎಣ್ಣೆಯೇ ಆಗಿರುವುದು. ಎರಡನೆಯದಾಗಿ, ನಮ್ಮ ದೇಶದಲ್ಲಿ ಮೊಟ್ಟೆಯಿಲ್ಲದ ಮೇಯೊನೇಸಿಗೆ ಬೇಡಿಕೆ ಹೆಚ್ಚು. ಮೊಟ್ಟೆಯನ್ನು ತೆಗೆದ ಮೇಲೆ ಎಣ್ಣೆಯನ್ನು ಹಿಡಿದು ನಿಲ್ಲಿಸಲು ಬೇರೆ ಏನಾದರೂ ಬೇಕಷ್ಟೆ. ಅದಕ್ಕಾಗಿ ಹಾಲಿನ ಪುಡಿಯನ್ನೋ, ಪಿಷ್ಟವನ್ನೋ, ಸೋಯಾ ಪ್ರೋಟೀನನ್ನೋ ಸೇರಿಸುವರು. ಆದುದರಿಂದ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ಕಂಡು ನಿಶ್ಚಿಂತರಾಗುವ ತಾಯಿಯು ವಿಚಾರಮಾಡಬೇಕು. ಆ ಚುಕ್ಕೆಯು ಸಸ್ಯಾಹಾರವೆಂದು ಹೇಳುವುದೇ ಹೊರತು, ಸೋಯಾ ಇಲ್ಲವೆಂದು ಹೇಳುವುದಿಲ್ಲ. ಇಂಥ ಮಗುವಿನ ವಿಷಯದಲ್ಲಿ ಮೊಟ್ಟೆಯಿಲ್ಲವೆಂಬ ಮಾತೇ ಎಚ್ಚರಿಕೆಯ ಗಂಟೆಯೆಂದು ನಾವು ತಿಳಿಯುತ್ತೇವೆ.

ಸೋಯಾ ಅವರೆಯನ್ನು ನಾವು ದೂಷಿಸುವುದಿಲ್ಲ. ೧೯೩೫ರಲ್ಲಿ ಮಹಾತ್ಮಾ ಗಾಂಧಿಯವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಇದರ ಗುಣವನ್ನು ಕುರಿತು ಬರೆದರು. ೧೯೪೦ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಸುಬ್ರಹ್ಮಣ್ಯನ್ ಅವರೂ ಅವರ ಜೊತೆಗಾರರೂ ಸೋಯಾ ಹಾಲಿನ ಪೋಷಕಶಕ್ತಿಯನ್ನು ಪರೀಕ್ಷಿಸಿದರು. ಇವರೇ ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಆಹಾರ ಸಂಶೋಧನಾಲಯದ ಮೊದಲ ನಿರ್ದೇಶಕರು. ಬಡವರ ಮಕ್ಕಳಿಗೆ ಪ್ರೋಟೀನು ದೊರೆಯಲೆಂಬುದೇ ಅವರೆಲ್ಲರ ಆಶೆಯಾಗಿತ್ತು. ಆದರೆ ಬಹುಮಂದಿಯನ್ನು ಪೋಷಿಸುವ ಆ ಪ್ರೋಟೀನೇ ಕೆಲವರ ಮೈಗೆ ಶತ್ರುವಾಗಿ ತೋರುವುದು. ಶಿಶುಗಳಲ್ಲಿ ಈ ತೊಂದರೆಯು ಹೆಚ್ಚು. ಅನೇಕರಿಗೆ ಬೆಳೆಯುತ್ತಾ ವಾಸಿಯಾಗುವುದು. ಮಗುವು ಅದನ್ನು ದಾಟಿತೋ ಇಲ್ಲವೋ ಎಂಬುದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕೇ ವಿನಾ ಮನೆಯಲ್ಲಿ ತಿನ್ನಿಸಿ ನೋಡತಕ್ಕದ್ದಲ್ಲ.

ತೊಂದರೆಯು ಪ್ರೋಟೀನಿನದು, ಎಣ್ಣೆಯದಲ್ಲ. ಚೆನ್ನಾಗಿ ಶುದ್ಧಿಮಾಡಿದ ಸೋಯಾ ಎಣ್ಣೆಯಲ್ಲಿ ಪ್ರೋಟೀನು ಬಹು ಸ್ವಲ್ಪವಾದ್ದರಿಂದ ಹೆಚ್ಚಿನವರಿಗೆ ಅದು ಬಾಧಿಸುವುದಿಲ್ಲ. ಗಾಣದ ಎಣ್ಣೆಯ ಮಾತು ಬೇರೆ. ನಮ್ಮ ದೇಶದ ೨೦೨೦ರ ಲೇಬಲು ನಿಯಮಗಳ ಪ್ರಕಾರ ಸೋಯಾ ಇದ್ದರೆ ಒಗ್ಗದ ವಸ್ತುಗಳ ಸಾಲಿನಲ್ಲಿ ಅದನ್ನು ಹೇಳಬೇಕು. ಆದರೆ ಅದರಿಂದ ತೆಗೆದ ಎಣ್ಣೆಗೆ ಈ ಸಾಲಿನಲ್ಲಿ ವಿನಾಯಿತಿಯುಂಟು. ಆದಕಾರಣ ಆ ಒಂದು ಸಾಲನ್ನು ಓದಿದರೆ ಸಾಲದು, ಪದಾರ್ಥಗಳ ಪಟ್ಟಿಯನ್ನೆಲ್ಲ ಓದಬೇಕು. ೩೨೨ ಎಂಬ ಅಂಕಿಯಿದ್ದರೆ ಅದು ಲೆಸಿಥಿನ್. ಸೋಯಾದಿಂದಲೂ ಬರಬಹುದು, ಸೂರ್ಯಕಾಂತಿಯಿಂದಲೂ ಬರಬಹುದು. ಯಾವುದೆಂದು ಬರೆಯದಿದ್ದರೆ ಪೊಟ್ಟಣವನ್ನು ಅಲ್ಲಿಯೇ ಇಟ್ಟು ಬರುವುದು ಲೇಸು. ಬೇಕರಿಯಲ್ಲಿ ಪಟ್ಟಿಯೇ ಕಾಣದು. ಡಬ್ಬವನ್ನು ತೋರಿಸೆಂದು ಕೇಳಲು ಸಂಕೋಚಪಡಬಾರದು. ಮೀಲ್ ಮೇಕರ್ ಕಲಸಿದ ಚಮಚವೇ ಮೇಯೊನೇಸಿಗೂ ಹೋಗುವುದುಂಟು, ಬ್ರೆಡ್ಡಿನಲ್ಲಿಯೂ ಸೋಯಾ ಹಿಟ್ಟು ಇರುವುದುಂಟು.

ಮನೆಯಲ್ಲಿ ಮಾಡುವುದೇ ಸುಲಭ. ಎಣ್ಣೆಯನ್ನು ಮೊದಲು ಆರಿಸಬೇಕು. ತಿಪಟೂರಿನ ತೆಂಗು ನಮ್ಮ ಜಿಲ್ಲೆಯ ಹೆಮ್ಮೆಯಾದರೂ, ಕೊಬ್ಬರಿ ಎಣ್ಣೆಯು ಸುಮಾರು ೨೪ ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುವುದು. ಪಾವಗಡ, ಸಿರಾ ಕಡೆಯ ಕಡಲೆಕಾಯಿಯು ಸೋಯಾದಂತೆ ದ್ವಿದಳ ಜಾತಿಯದು. ಸೋಯಾ ಒಗ್ಗದವರಲ್ಲಿ ಬಹುಮಂದಿ ಅದನ್ನು ತಿನ್ನಬಲ್ಲರಾದರೂ ವೈದ್ಯರನ್ನು ಕೇಳದೆ ಅದರ ಎಣ್ಣೆಯಿಂದ ಆರಂಭಿಸಬಾರದು. ಶುದ್ಧಿಮಾಡಿದ ಸೂರ್ಯಕಾಂತಿ ಎಣ್ಣೆ ತಕ್ಕುದು. ಮಿಶ್ರ ಎಣ್ಣೆ ಬೇಡ.

ಕಾಯಿಸಿ ಆರಿಸಿ ತಣ್ಣಗಾದ ಹಾಲು ೧೦೦ ಮಿಲಿಲೀಟರು, ಎಣ್ಣೆ ೨೦೦ ಮಿಲಿಲೀಟರು, ಸಾಸಿವೆ ಪುಡಿ ಅರ್ಧ ಚಮಚ, ಉಪ್ಪು ಅರ್ಧ ಚಮಚ. ಮಿಕ್ಸಿಯ ಚಿಕ್ಕ ಜಾಡಿಯಲ್ಲಿ ಹಾಲು, ಸಾಸಿವೆ, ಉಪ್ಪುಗಳನ್ನು ತಿರುವಿ, ಎಣ್ಣೆಯನ್ನು ದಾರದಂತೆ ಸಣ್ಣಗೆ ಬಿಡುತ್ತಾ ಹೋಗಬೇಕು. ಜಾಡಿಯು ಬಿಸಿಯಾಗದಂತೆ ನಡುನಡುವೆ ನಿಲ್ಲಿಸಬೇಕು. ಗಟ್ಟಿಯಾದ ಮೇಲೆ ಒಂದು ದೊಡ್ಡ ಚಮಚ ನಿಂಬೆರಸ ಹಾಕಿದರೆ ಇನ್ನೂ ಮಂದವಾಗುವುದು. ಇಲ್ಲಿ ಮೊಟ್ಟೆಯ ಕೆಲಸವನ್ನು ಹಾಲಿನ ಪ್ರೋಟೀನೇ ಮಾಡುವುದು. ಆದ್ದರಿಂದ ಹಾಲೂ ಒಗ್ಗದ ಮಗುವಿಗೆ ಇದು ಸಲ್ಲದು.

ಮೊಟ್ಟೆ ತಿನ್ನುವವರು ಹಸಿ ಹಳದಿಯನ್ನು ಬಳಸಬಾರದು. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರುವುದುಂಟು. ಅಂಥ ಮೇಯೊನೇಸನ್ನು ಕೇರಳ ಸರಕಾರವು ೨೦೨೩ರಲ್ಲಿಯೂ, ತೆಲಂಗಾಣವು ೨೦೨೪ರಲ್ಲಿಯೂ, ತಮಿಳುನಾಡು ೨೦೨೫ರಲ್ಲಿಯೂ ನಿಷೇಧಿಸಿದವು. ಒಂದು ಹಳದಿಗೆ ಒಂದು ದೊಡ್ಡ ಚಮಚ ನಿಂಬೆರಸ, ಅಷ್ಟೇ ನೀರು ಸೇರಿಸಿ, ಕುದಿನೀರಿನ ಪಾತ್ರೆಯ ಮೇಲಿಟ್ಟು, ಕೈ ಬಿಡದೆ ಕದಡುತ್ತಾ ೭೧ ಡಿಗ್ರಿಯವರೆಗೆ ಬಿಸಿಮಾಡಿ, ಕೂಡಲೇ ತಣ್ಣೀರಿನಲ್ಲಿರಿಸಿ ಆರಿಸಬೇಕು. ಆಮೇಲೆ ಸಾಸಿವೆ, ಉಪ್ಪು, ೧೫೦ ಮಿಲಿಲೀಟರು ಎಣ್ಣೆ ಮೇಲಿನಂತೆಯೇ.

ಎರಡರಲ್ಲಿ ಯಾವುದಾದರೂ ಸರಿ, ತಂಪುಪೆಟ್ಟಿಗೆಯಲ್ಲಿಟ್ಟು ಮೂರು ದಿನಗಳೊಳಗೆ ಮುಗಿಸತಕ್ಕದ್ದು. ಎಣ್ಣೆಯನ್ನು ಅವಸರದಿಂದ ಸುರಿದರೆ ಹಾಲಿನ ಮೇಯೊನೇಸು ಒಡೆದು ನೀರಾಗುವುದು, ಹಾಗಾದರೆ ಚೆಲ್ಲಬೇಕಾಗಿಲ್ಲ. ಜಾಡಿಯನ್ನು ತೊಳೆದು ಎರಡು ಚಮಚ ಹೊಸ ತಣ್ಣನೆಯ ಹಾಲು ಹಾಕಿ, ಒಡೆದುದನ್ನೇ ಎಣ್ಣೆಯ ಬದಲಾಗಿ ಸ್ವಲ್ಪಸ್ವಲ್ಪವೇ ಬಿಡುತ್ತಾ ತಿರುವಿದರೆ ಮರಳಿ ಕೂಡಿಕೊಳ್ಳುವುದು.